ಸ್ವೀಡನ್ನಿನ ಕಾರ್ಮಿಕ ನಿಧಿ: ಒಂದು ಮುರಿದ ದಾರಿಯ ಕಥೆ

(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಬಂಡವಾಳಶಾಹಿಯನ್ನು ಬದಲಿಸುವುದು ಹೇಗೆ ಎಂದು ಕೇಳಿದರೆ ನಮ್ಮಲ್ಲಿ ಎರಡೇ ಉತ್ತರ ಕೇಳಿಬರುತ್ತವೆ. ಒಂದೇ ಏಟಿಗೆ ಅಧಿಕಾರ ಹಿಡಿಯಬೇಕೆನ್ನುವವರು ಒಂದು ಕಡೆ. ಕೂಲಿ, ಬೋನಸ್ಸು, ಪಿಂಚಣಿ ಹೆಚ್ಚಿಸಿಕೊಂಡರೆ ಸಾಕೆನ್ನುವವರು ಇನ್ನೊಂದು ಕಡೆ. ಸ್ವೀಡನ್ನಿನ ಕಾರ್ಮಿಕರು ಬೇರೊಂದು ದಾರಿ ಹಿಡಿದು ನೋಡಿದರು.

ಅಲ್ಲಿ 1932ರಿಂದ ಬಹುಮಟ್ಟಿಗೆ ಸಮಾಜವಾದಿ ಪಕ್ಷದ್ದೇ ಆಡಳಿತ. ಯಾವ ಕಾರ್ಖಾನೆಯಾದರೂ ಸರಿ, ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಎಂಬುದು ಕಾರ್ಮಿಕ ಒಕ್ಕೂಟದ ನೀತಿ. ನ್ಯಾಯವಾದುದೇ. ಆದರೆ ಹೇರಳ ಲಾಭ ಮಾಡುವ ಕಾರ್ಖಾನೆಯ ಕಾರ್ಮಿಕ ಹೆಚ್ಚು ಕೇಳದೆ ಬಿಟ್ಟುಕೊಟ್ಟದ್ದು ಬಡ ಕಾರ್ಖಾನೆಯವನಿಗೆ ಹೋಗಲಿಲ್ಲ, ತನ್ನ ಧಣಿಯ ಪೆಟ್ಟಿಗೆಗೇ ಹೋಯಿತು!

ಒಕ್ಕೂಟದ ಅರ್ಥಶಾಸ್ತ್ರಜ್ಞ ರುಡೋಲ್ಫ್ ಮೈಡ್ನರ್ ಇದಕ್ಕೊಂದು ಉಪಾಯ ಹೇಳಿದರು. ದೊಡ್ಡ ಕಂಪನಿಗಳು ವರ್ಷದ ಲಾಭದಲ್ಲಿ ನೂರಕ್ಕೆ 20ರಷ್ಟು ಬೆಲೆಯ ಹೊಸ ಷೇರುಗಳನ್ನು ಕಾರ್ಮಿಕರ ನಿಧಿಗೆ ಬರೆದುಕೊಡಬೇಕು. ರೊಕ್ಕ ಕಂಪನಿಯಲ್ಲೇ ಉಳಿಯುತ್ತದೆ, ಹೊಸ ಯಂತ್ರ ಕೊಳ್ಳಲು ಅಡ್ಡಿಯಿಲ್ಲ. ಒಡೆತನ ಮಾತ್ರ ವರ್ಷವರ್ಷಕ್ಕೂ ಕೈ ಬದಲಿಸುತ್ತದೆ. ಕೆಲವು ದಶಕಗಳಲ್ಲಿ ಹೆಚ್ಚಿನ ಪಾಲು ದುಡಿಯುವವರದು. 1976ರಲ್ಲಿ ಒಕ್ಕೂಟದ ಮಹಾಧಿವೇಶನ ಇದನ್ನು ಒಪ್ಪಿತು.

ಅದೇ ವರ್ಷದ ಚುನಾವಣೆಯಲ್ಲಿ ಪಕ್ಷ ಸೋತಿತು. ಅಣುವಿದ್ಯುತ್ತಿನ ಜಗಳವೂ ಇತ್ತೆನ್ನಿ. 1982ರಲ್ಲಿ ಮರಳಿ ಬಂದು ಮರುವರ್ಷ ಕಾನೂನು ಮಾಡಿದರು; ಮೊಸರು ಕೇಳಿದವರಿಗೆ ನೀರುಮಜ್ಜಿಗೆ. ಕಂಪನಿ ಷೇರು ಬರೆದುಕೊಡುವ ಮಾತು ಹೋಗಿ, ತೆರಿಗೆಯ ಹಣದಿಂದ ಪೇಟೆಯಲ್ಲಿ ಷೇರು ಕೊಳ್ಳುವ ಏರ್ಪಾಡಾಯಿತು. ಹಣಕಾಸಿನ ಮಂತ್ರಿಯೇ ಸಂಸತ್ತಿನಲ್ಲಿ ಕುಳಿತು ಇದನ್ನು ಹೀಯಾಳಿಸಿ ಪದ್ಯ ಗೀಚುತ್ತಿದ್ದುದು ಪತ್ರಿಕೆಯವರ ಫೋಟೋದಲ್ಲಿ ಸಿಕ್ಕಿಬಿದ್ದಿತು!

ಅಂಗಡಿಕಾರ ಮಿತ್ರರು ಇಲ್ಲಿ ಕಿವಿಗೊಡಬೇಕು. ಸಣ್ಣ ಉದ್ಯಮಗಳನ್ನು ಬಿಟ್ಟೇ ಮೈಡ್ನರ್ ಯೋಜನೆ ಮಾಡಿದ್ದರು. ಆದರೂ 1983ರ ಅಕ್ಟೋಬರ್ 4ರಂದು ಸ್ಟಾಕ್‌ಹೋಮಿನಲ್ಲಿ ನಿಧಿಯ ವಿರುದ್ಧ ಹತ್ತಾರು ಸಾವಿರ ಜನ ಹೊರಟಾಗ ದೊಡ್ಡ ಮಾಲೀಕರ ಜೊತೆ ಸಣ್ಣವರೂ ಹೆಜ್ಜೆ ಹಾಕಿದರು. ನಾಳೆ ತಮ್ಮದೂ ಹೋದೀತೆಂಬ ಹೆದರಿಕೆ. ಅವರ ಬಳಿಗೆ ಹೋಗಿ ಕೂತು ಲೆಕ್ಕ ತಿಳಿಸಿ ಹೇಳುವ ಕೆಲಸ ಸಾಲದಾಯಿತೆಂದೇ ನನ್ನ ಎಣಿಕೆ.

ಇನ್ನೊಂದು ಕುಂದೂ ಇತ್ತು. ನಿಧಿಯ ಷೇರು ಯಾವ ಕಾರ್ಮಿಕನ ಹೆಸರಿನಲ್ಲೂ ಇರಲಿಲ್ಲ, ಅವನ ಕೈಗೆ ಕಾಸೂ ಬರುತ್ತಿರಲಿಲ್ಲ. ಎಲ್ಲವೂ ಕಚೇರಿಯ ಲೆಕ್ಕ. ಮಗ್ಗದ ಮುಂದೆ ನಿಂತವನಿಗೆ ಇದು ನನ್ನದು ಎನ್ನಿಸದೆ ಅವನು ಅದಕ್ಕಾಗಿ ಬೀದಿಗೆ ಬಂದಾನೆಯೇ?

1991ರಲ್ಲಿ ಬಂದ ಬಲಪಂಥೀಯ ಸರಕಾರ ನಿಧಿಗಳನ್ನು ಮುಚ್ಚಿತು. ಹಣದ ದೊಡ್ಡ ಪಾಲು ಸಂಶೋಧನೆಯ ಪ್ರತಿಷ್ಠಾನಗಳಿಗೆ ಹೋಯಿತು.