ಊರಿನ ನೆನಪು, ಕಾಡಿನ ಸಾಕ್ಷಿ

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಇತಿಹಾಸವೆಂದೊಡನೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಜನರ ಕಣ್ಣ ಮುಂದೆ ನಿಲ್ಲುವುದು ಬನವಾಸಿಯ ಮಧುಕೇಶ್ವರ, ಸೋಂದೆಯ ಅರಸರು, ಬಿಳಗಿಯ ಬಸದಿ. ಇವು ಹೆಮ್ಮೆಯ ಸಂಗತಿಗಳೇ ಸರಿ. ಆದರೆ ಕೇರಿಯ ಬಾವಿಯನ್ನು ಯಾರು ತೋಡಿದರು, ಸೊಪ್ಪಿನ ಬೆಟ್ಟದ ಗಡಿ ಎಲ್ಲಿತ್ತು, ಹೊಳೆಯ ಯಾವ ಗುಂಡಿ ಬಿರುಬೇಸಗೆಯಲ್ಲಿಯೂ ಬತ್ತುತ್ತಿರಲಿಲ್ಲ ಎಂಬುವೂ ಇತಿಹಾಸವೇ. ಕಾಡು, ನೀರು, ನೆಲಗಳ ಪ್ರಶ್ನೆ ಕಚೇರಿಯ ಮೆಟ್ಟಿಲೇರಿದಾಗ ಅಧಿಕಾರಿಗಳು ಕೇಳುವುದು ಈ ಎರಡನೆಯ ಬಗೆಯ ಇತಿಹಾಸವನ್ನು. ಅದನ್ನು ಬರೆದಿಟ್ಟವರು ಮಾತ್ರ ವಿರಳ.

ಬರೆದಿಟ್ಟದ್ದು ಇದ್ದರೂ ಅದು ಊರಿನಲ್ಲಿಲ್ಲ. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕೆನರಾ ಪ್ರದೇಶ ಕಂಪನಿಯ ಕೈಸೇರಿ ಮದರಾಸಿನ ಆಡಳಿತಕ್ಕೆ ಒಳಪಟ್ಟಿತು. 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. 1956ರಲ್ಲಿ ಜಿಲ್ಲೆ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಆಳುವವರು ಬದಲಾದಂತೆ ಕಾಗದಪತ್ರಗಳೂ ಚದುರಿದವು. ಒಂದೇ ಗ್ರಾಮದ ಕಂದಾಯದ ಕಥೆಯನ್ನು ತಿಳಿಯಬೇಕಾದವರು ಚೆನ್ನೈ, ಮುಂಬಯಿ, ಬೆಂಗಳೂರುಗಳ ಪತ್ರಾಗಾರಗಳನ್ನು ಸುತ್ತಬೇಕಾಗುತ್ತದೆ. ಆದ್ದರಿಂದ ಮನೆಯ ಅಟ್ಟದಲ್ಲಿ, ಪೆಟ್ಟಿಗೆಯ ತಳದಲ್ಲಿ ಉಳಿದಿರುವ ಒಂದು ಹಳೆಯ ರಸೀತಿಗೂ ಇಲ್ಲಿ ಬೆಲೆಯಿದೆ.

ಕಲ್ಲುಗಳೂ ಮಾತನಾಡಿವೆ. ಬನವಾಸಿಯ ಸಮೀಪದ ಗುಡ್ನಾಪುರದಲ್ಲಿ 1971ರಲ್ಲಿ ಡಾ. ಬಿ. ಆರ್. ಗೋಪಾಲ್ ಅವರು ಕದಂಬ ರವಿವರ್ಮನ ಸ್ತಂಭ ಶಾಸನವನ್ನು ಬೆಳಕಿಗೆ ತಂದರು. ಕದಂಬರ ವಂಶಾವಳಿಯ ಜೊತೆಗೆ ಮನ್ಮಥನ ಆಲಯ, ಕೆರೆ ಮತ್ತು ದತ್ತಿಯ ಭೂಮಿಗಳ ವಿವರ ಅದರಲ್ಲಿದೆ. ಸುಮಾರು 1500 ವರ್ಷಗಳ ಹಿಂದೆಯೇ ಇಲ್ಲಿಯ ಜನ ಕೆರೆಯನ್ನು ದಾಖಲೆಗೆ ಯೋಗ್ಯವಾದ ಸಂಪತ್ತೆಂದು ಎಣಿಸಿದ್ದರು. ಗುಡ್ನಾಪುರದ ಕೆರೆ ಇಂದಿಗೂ ಇದೆ. ಅದರ ಹೂಳಿನ ಬಗೆಗೆ ಮಾತನಾಡುವವರಿಗೆ ಈ ಶಾಸನಕ್ಕಿಂತ ಹಿರಿಯ ಸಾಕ್ಷಿ ಬೇರೆ ಬೇಕಿಲ್ಲ.

ಸೋಂದೆಯದು ಇನ್ನೊಂದು ಉದಾಹರಣೆ. 16ನೆಯ ಶತಮಾನದಿಂದ 1763-64ರ ವೇಳೆಗೆ ಹೈದರಾಲಿಯ ಸೈನ್ಯ ಗೆಲ್ಲುವವರೆಗೂ ಅದು ರಾಜಧಾನಿ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಗಳ ಮೂಲಕ ಹಾದುಹೋದಾಗ ಪಟ್ಟಣ ಪಾಳುಬಿದ್ದಿತ್ತು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಆತ ಅಡಿಕೆ, ಮೆಣಸಿನ ತೋಟಗಳನ್ನೂ ಕಾಡನ್ನೂ ವಿವರವಾಗಿ ವರ್ಣಿಸಿದ್ದಾನೆ. ಶಾಲ್ಮಲೆಯ ಒಡಲಲ್ಲಿರುವ ಸಹಸ್ರಲಿಂಗಗಳು ಸೋಂದೆಯ ಅರಸರ ಕಾಲದ ಸ್ಮಾರಕ. ಈ ಊರಿನ ಇತಿಹಾಸವನ್ನು ಪಂಡಿತರ ಗ್ರಂಥಗಳಿಗೆ ಮಾತ್ರ ಬಿಟ್ಟುಕೊಡದೆ, ಸೋಂದೆಯ ಜಾಗೃತ ವೇದಿಕೆಯು ಊರಿನಲ್ಲಿಯೇ ಇತಿಹಾಸ ಸಮ್ಮೇಳನಗಳನ್ನು ನಡೆಸಿದೆ. ವಿದ್ವಾಂಸರು ಗ್ರಾಮಕ್ಕೆ ಬರುವುದರಿಂದ ಗ್ರಾಮಸ್ಥರೂ ತಮ್ಮ ಮನೆಯ ಹಿಂದಿನ ಕಲ್ಲನ್ನು ಹೊಸ ಕಣ್ಣಿನಿಂದ ನೋಡುತ್ತಾರೆ. ಇಂತಹ ಯತ್ನಕ್ಕೆ ಹಳೆಯ ಪರಂಪರೆಯೂ ಇದೆ. 1914ರಲ್ಲಿ ಆಲೂರು ವೆಂಕಟರಾಯರೇ ಮೊದಲಾದವರ ಶ್ರಮದಿಂದ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಹುಟ್ಟಿದಾಗ ಅದಕ್ಕೆ ಸರಕಾರದ ಬಲವಿರಲಿಲ್ಲ. ನಾಡಿನ ನೆನಪು ನಾಡವರ ಕೈಯಲ್ಲಿರಬೇಕೆಂಬ ಹಂಬಲವಿತ್ತು.

ಸಮೀಪದ ಇತಿಹಾಸಕ್ಕೆ ಬಂದರೆ ಕೆಲಸ ಇನ್ನೂ ತುರ್ತಿನದು. 1930ರ ಕಾನೂನು ಭಂಗ ಚಳವಳಿಯಲ್ಲಿ ಇಲ್ಲಿಯ ಜನ ಅರಣ್ಯ ಸತ್ಯಾಗ್ರಹ ನಡೆಸಿದರು. ಕರನಿರಾಕರಣೆಗೆ ಇಳಿದ ರೈತರು ಜಮೀನು ಕಳೆದುಕೊಂಡರು. 1932ರಲ್ಲಿ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ, ಮುಟ್ಟುಗೋಲಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಮಹಿಳೆಯರು ಉಪವಾಸ ಕುಳಿತರು. 1934ರಲ್ಲಿ ಗಾಂಧೀಜಿ ಶಿರಸಿ, ಸಿದ್ದಾಪುರಗಳಿಗೆ ಬಂದರು. ಆ ತಲೆಮಾರಿನವರಲ್ಲಿ ಹೆಚ್ಚಿನವರು ತಮ್ಮ ಅನುಭವವನ್ನು ಬರೆದಿಡದೆಯೇ ಹೋದರು. ಅವರ ಮಕ್ಕಳು, ಮೊಮ್ಮಕ್ಕಳ ಬಾಯಲ್ಲಿ ಉಳಿದಿರುವುದೇ ಈಗ ಉಳಿದ ಗಂಟು.

1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಭಾಗದ ಕಳಾಸೆ ಕಾಡಿನಲ್ಲಿ ಸ್ತ್ರೀಪುರುಷರು ಮರಗಳನ್ನು ಅಪ್ಪಿಕೊಂಡು ಕೊಡಲಿಗೆ ಅಡ್ಡ ನಿಂತರು. 38 ದಿನ ನಡೆದ ಆ ಹೋರಾಟದಿಂದ ಅಪ್ಪಿಕೋ ಚಳವಳಿ ಬೆಳೆಯಿತು. 'ಉಳಿಸು, ಬೆಳೆಸು, ಬಳಸು' ಎಂಬ ಅದರ ಮಂತ್ರ ನಾಡಿನಾದ್ಯಂತ ಹಬ್ಬಿತು. ಅಂದು 20 ವರ್ಷದ ಯುವಕರಾಗಿದ್ದವರು ಈಗ 60 ದಾಟಿದ್ದಾರೆ. ಅಂದು 50 ಆಗಿದ್ದವರಲ್ಲಿ ಉಳಿದವರು ಕೆಲವರೇ. ಯಾವ ಮರ ಉಳಿಯಿತು, ಆ ರಾತ್ರಿ ಅಡುಗೆ ಮಾಡಿದವರು ಯಾರು, ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಳ್ಳುತ್ತ ಕಾವಲು ನಿಂತವರು ಯಾರು ಎಂಬುದನ್ನು ಕೇಳಬೇಕಾದ ಕಾಲ ಇದು. ಮುಂದಾಳುಗಳ ಹೆಸರು ಗ್ರಂಥಗಳಲ್ಲಿದೆ. ಅಡುಗೆ ಮಾಡಿದವರ ಹೆಸರು ಅಲ್ಲಿಲ್ಲ.

ದಾಖಲೆಯಿಂದ ಚಳವಳಿಗೆ ಬಲ ಬರುವುದಕ್ಕೆ ಬೇಡ್ತಿಯೇ ನಿದರ್ಶನ. ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ ದನಿ ಎದ್ದಾಗ ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ವಿಚಾರ ಸಂಕಿರಣವನ್ನು ಏರ್ಪಡಿಸಿತು. ಅದರ ಪ್ರಬಂಧಗಳು 1981ರಲ್ಲಿ ಪುಸ್ತಕವಾಗಿ ಹೊರಬಂದವು. ಅಣೆಕಟ್ಟಿನ ಲಾಭನಷ್ಟಗಳನ್ನು ರೈತರ ಸಂಸ್ಥೆಯೊಂದು ವಿಜ್ಞಾನಿಗಳ ನೆರವಿನಿಂದ ಅಳೆದು ನೋಡಿದ್ದು ಆ ಕಾಲಕ್ಕೆ ಅಪರೂಪದ ಸಂಗತಿ. ನಾಲ್ಕು ದಶಕಗಳ ಬಳಿಕ, 2022ರಲ್ಲಿ, ಬೇಡ್ತಿ-ವರದಾ ನದಿ ಜೋಡಣೆಯನ್ನು ವಿರೋಧಿಸಿ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಜನ ಸೇರಿದರು. ಹಳೆಯ ಪುಸ್ತಕ ಕೈಯಲ್ಲಿದ್ದರೆ ಹೊಸ ತಲೆಮಾರು ವಾದವನ್ನು ಮೊದಲಿನಿಂದ ಆರಂಭಿಸಬೇಕಾಗಿಲ್ಲ.

ಇನ್ನು ಅತ್ಯಂತ ಗಂಭೀರವಾದ ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುನ್ನ ಮೂರು ತಲೆಮಾರುಗಳಿಂದ, ಎಂದರೆ 75 ವರ್ಷಗಳಿಂದ, ಆ ಪ್ರದೇಶದಲ್ಲಿ ವಾಸವಿದ್ದು ಅರಣ್ಯವನ್ನು ಅವಲಂಬಿಸಿದ್ದುದಕ್ಕೆ ಆಧಾರ ಒದಗಿಸಬೇಕು. 75 ವರ್ಷಗಳ ಕಾಗದವನ್ನು ಬಡವರು ಎಲ್ಲಿಂದ ತಂದಾರು? ಆದರೆ ಕಾಯ್ದೆಯ ನಿಯಮಗಳು ಇನ್ನೊಂದು ದಾರಿಯನ್ನು ತೆರೆದಿವೆ. ಗೆಜೆಟಿಯರ್, ಜನಗಣತಿ, ಸರ್ವೆ ವರದಿಗಳ ಜೊತೆಗೆ ಹಳೆಯ ಬಾವಿ, ಸ್ಮಶಾನ, ದೇವರ ಸ್ಥಳ, ವಂಶಾವಳಿ, ಹಾಗೂ ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕೆ ಇಳಿಸಿದ್ದು—ಇವೆಲ್ಲವೂ ಪುರಾವೆಯ ಪಟ್ಟಿಯಲ್ಲಿವೆ. ಹಿರಿಯರೊಬ್ಬರು ತೀರಿಕೊಂಡಾಗ ನೆರೆಮನೆಯವರ ಹಕ್ಕಿನ ಒಂದು ಸಾಕ್ಷಿಯೂ ಅವರೊಡನೆ ಮಣ್ಣಾಗುತ್ತದೆ. ಊರಿನ ಇತಿಹಾಸ ಬರೆಯುವುದು ಬಿಡುವಿನ ವೇಳೆಯ ಹವ್ಯಾಸವಲ್ಲವೆನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಬರಹದ ಹೊರಗೇ ಬಾಳಿದ ಸಮುದಾಯಗಳಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಯಲ್ಲಾಪುರ, ಹಳಿಯಾಳ ಕಾಡುಗಳಲ್ಲಿ ನೆಲೆಸಿರುವ ಆಫ್ರಿಕಾ ಮೂಲದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅವರ ಚರಿತ್ರೆ ಹೆಚ್ಚಾಗಿ ಹಾಡಿನಲ್ಲಿ, ಕುಣಿತದಲ್ಲಿ, ಅಜ್ಜಿಯರ ಮಾತಿನಲ್ಲಿದೆ. ಗೌಳಿಗರ ದನಗಳ ದಾರಿ, ಕುಮರಿ ಬೇಸಾಯ ನಿಂತುಹೋದ ಕಥೆ ಇವೂ ಹಾಗೆಯೇ. ಇವನ್ನು ಬಿಟ್ಟು ಬರೆದ ಊರಿನ ಇತಿಹಾಸ ತೋಟದ ಮನೆಗಳ ಇತಿಹಾಸ ಮಾತ್ರವಾದೀತು.

ಸ್ಥಳನಾಮಗಳೂ ದಾಖಲೆಗಳೇ. 1888ರಲ್ಲಿ ಅರಣ್ಯ ವ್ಯವಸ್ಥಾಪನಾಧಿಕಾರಿ ವಿಂಗೇಟ್ ಈ ಭಾಗದ ಕಾನುಗಳ ಮಹತ್ವವನ್ನು ಗುರುತಿಸಿದ್ದ. ಸಿದ್ದಾಪುರ ತಾಲೂಕಿನ ಕತ್ತಲೆಕಾನು ಹೆಸರಿಗೆ ತಕ್ಕಂತೆ ದಟ್ಟವಾದದ್ದು. ಅಲ್ಲಿಯ ಜೌಗಿನಲ್ಲಿ ದೊರೆತ ಹೊಸ ಮರಕ್ಕೆ 2000ದಲ್ಲಿ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದೇ ಹೆಸರಿಡಲಾಯಿತು. ಹೆಸರಿನ ಕೊನೆಗೆ 'ಕಾನು' ಎಂದಿರುವ ಎಷ್ಟೋ ಊರುಗಳಲ್ಲಿ ಇಂದು ಕಾನಿಲ್ಲ. ಆ ಹೆಸರುಗಳ ಪಟ್ಟಿಯೊಂದೇ ಕಳೆದುಹೋದ ಕಾಡಿನ ನಕ್ಷೆಯಾಗಬಲ್ಲದು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟದ ಸೌಲಭ್ಯ ದೊರೆತದ್ದು ಹೇಗೆ, ಯಾರಿಗೆ ದೊರೆಯಲಿಲ್ಲ, ಆ ಬೆಟ್ಟದಲ್ಲಿ ಈಗ ಎಷ್ಟು ಹಸಿರಿದೆ ಎಂಬುದನ್ನೂ ನಿರ್ದಾಕ್ಷಿಣ್ಯವಾಗಿ ಬರೆಯಬೇಕು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಪ್ರತಿ ಗ್ರಾಮದಲ್ಲಿ ನಾಲ್ಕೈದು ಜನರ ಇತಿಹಾಸ ಕೂಟ ಸಾಕು. ಅದರಲ್ಲಿ ಮಹಿಳೆಯರೂ ವಿದ್ಯಾರ್ಥಿಗಳೂ ಎಲ್ಲ ಕೇರಿಯವರೂ ಇರಬೇಕು. ಎರಡನೆಯದಾಗಿ, 70 ದಾಟಿದವರ ಪಟ್ಟಿ ಮಾಡಿ, ಅವರ ಒಪ್ಪಿಗೆ ಪಡೆದು, ಮಾತನ್ನು ಧ್ವನಿಮುದ್ರಿಸಿಕೊಂಡು, ಬರಹಕ್ಕಿಳಿಸಿ, ಓದಿ ಹೇಳಿ, ದಿನಾಂಕದೊಡನೆ ಸಹಿ ಪಡೆಯಬೇಕು. ಮೂರನೆಯದಾಗಿ, ತಾಡವಾಲೆ, ರಸೀತಿ, ಭಾವಚಿತ್ರಗಳ ಪ್ರತಿ ತೆಗೆದು ಮೂಲವನ್ನು ಆಯಾ ಮನೆಗೇ ಹಿಂದಿರುಗಿಸಬೇಕು. ಹವ್ಯಕರ ಮನೆಗಳಲ್ಲಿರುವ ತಿಗಳಾರಿ ಲಿಪಿಯ ಗರಿಗಳನ್ನು ಓದಬಲ್ಲವರು ವಿರಳವಾದರೂ, ಓದಲಾಗದೆಂದು ಎಸೆಯಬಾರದು. ಗೆದ್ದಲು, ತೇವಗಳಿಂದ ದೂರವಿಟ್ಟು, ತಿಳಿದವರಿಂದ ನಿಂಬೆಹುಲ್ಲಿನ ಎಣ್ಣೆ ಸವರಿಸಿ ಬಟ್ಟೆಯಲ್ಲಿ ಸುತ್ತಿಡಬೇಕು. ನಾಲ್ಕನೆಯದಾಗಿ, ವೀರಗಲ್ಲು, ಮಾಸ್ತಿಗಲ್ಲುಗಳನ್ನು ಕೀಳಬಾರದು, ಬಣ್ಣ ಬಳಿಯಬಾರದು, ನಿಧಿಯ ಆಸೆಯಿಂದ ಬುಡ ಅಗೆಯುವವರನ್ನು ತಡೆಯಬೇಕು. ಕಲ್ಲು ನಿಂತ ಸ್ಥಳವೂ ಅದರ ಬರಹದಷ್ಟೇ ಮುಖ್ಯ.

ಸಂಗ್ರಹಿಸಿದ್ದನ್ನು ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಗೆದ್ದಲಿಗೂ ಸಂಗ್ರಾಹಕರಿಗೂ ಭೇದವಿರದು. ಶಾಲೆಯ ಗೋಡೆಯ ಮೇಲೆ, ಜಾತ್ರೆಯ ಒಂದು ಮೂಲೆಯಲ್ಲಿ, ಗ್ರಾಮಸಭೆಯ ಮುಂದೆ ಅದು ಕಾಣಿಸಬೇಕು. ತಪ್ಪಿದ್ದರೆ ಅಲ್ಲಿಯೇ ಯಾರಾದರೂ ತಿದ್ದುತ್ತಾರೆ. ಮರೆತದ್ದನ್ನು ಇನ್ನೊಬ್ಬರು ಕೂಡಿಸುತ್ತಾರೆ. ಮನೆತನದ ಬಡಾಯಿಯೂ ಜಾತಿಯ ಹೆಮ್ಮೆಯೂ ಇತಿಹಾಸದ ವೇಷ ತೊಟ್ಟು ಬಂದರೆ, ಅದನ್ನು ಗುರುತಿಸುವವರೂ ಆ ಜನರೇ.

ಮಳೆಗಾಲದ ದೀರ್ಘ ಸಂಜೆಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದವು. ಹಿರಿಯರು ಮನೆಯಲ್ಲಿರುತ್ತಾರೆ, ಹೊರಗಿನ ಕೆಲಸ ಕಡಿಮೆ. ವಿದ್ಯಾರ್ಥಿಗಳು ಒಂದು ನೋಟುಪುಸ್ತಕ ಹಿಡಿದು, ಮೊದಲು ನೆರೆಮನೆಯ ಬಾವಿಯ ಕಥೆಯನ್ನು ಕೇಳಿ ಬರೆಯಲಿ. ಮುಂದಿನ ಮಳೆಗಾಲದವರೆಗೆ ಕಾಯುವಷ್ಟು ವ್ಯವಧಾನ ಎಲ್ಲ ಅಜ್ಜ ಅಜ್ಜಿಯರಿಗೂ ಇರಲಾರದು.