ಹೊಗೆ ಹೋಯಿತು, ಹೊಗೆಸೊಪ್ಪು ಉಳಿಯಿತು

(ವಿಶ್ವ ತಂಬಾಕು ವಿರೋಧಿ ದಿನದ ಅಂಗವಾಗಿ ಬೆಂಗಳೂರಿನ ಬಸವೇಶ್ವರನಗರದಲ್ಲಿ ಜರಗಿದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಸಂಘಟಕರು ನನಗೆ ಕೊಟ್ಟಿರುವ ವಿಷಯ ‘ಧೂಮಪಾನದ ಕೆಡುಕುಗಳು’. ಆದರೆ ಧೂಮಪಾನ ಒಳ್ಳೆಯದೆಂದು ವಾದಿಸುವವರು ಈ ಸಭೆಯಲ್ಲಿ ಒಬ್ಬರೂ ಇರಲಾರರು. ಸಿಗರೇಟು ಸೇದುವ ಯುವಕನೂ ಹಿರಿಯರನ್ನು ಕಂಡೊಡನೆ ಅದನ್ನು ಬೆನ್ನ ಹಿಂದೆ ಅಡಗಿಸುತ್ತಾನೆ. ಅದು ತಪ್ಪೆಂಬ ಅರಿವು ಅವನಿಗಿದೆ. ಆದ್ದರಿಂದ ನಾವು ತಪ್ಪೆಂದು ಭಾವಿಸದೆ, ಯಾರಿಂದಲೂ ಅಡಗಿಸದೆ, ಅತಿಥಿಗಳಿಗೆ ತಟ್ಟೆಯಲ್ಲಿಟ್ಟು ನೀಡುವ ತಂಬಾಕಿನ ಕುರಿತು ಇಂದು ಮಾತನಾಡಲು ಅನುಮತಿ ಕೋರುತ್ತೇನೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಹದಿನಾಲ್ಕು ವರ್ಷ ಸಿಗರೇಟು ಸೇದಿದವನು ನಾನು. ಕೆಮ್ಮು ಹೆಚ್ಚಾದಾಗ ಬಿಟ್ಟೆ. ಮನೆಯಲ್ಲಿ ಸಂತೋಷಪಟ್ಟರು. ಮಗ ಸುಧಾರಿಸಿದನೆಂದು ತಾಯಿ ನೆಂಟರೆದುರು ಹೇಳಿಕೊಂಡರು. ಆದರೆ ಸಿಗರೇಟಿನ ಜಾಗಕ್ಕೆ ಜರ್ದಾ ಹಾಕಿದ ಪಾನ್ ಬಂದಿತ್ತು. ಊಟದ ನಂತರ ಒಂದು, ಅಂಗಡಿಯಲ್ಲಿ ಎರಡು, ರಾತ್ರಿ ಒಂದು. ಒಂಬತ್ತು ವರ್ಷಗಳ ಬಳಿಕ ಹಲ್ಲುನೋವಿಗಾಗಿ ದಂತವೈದ್ಯರಲ್ಲಿಗೆ ಹೋದೆ. “ತಂಬಾಕು ಬಳಸುತ್ತೀರಾ?” ಎಂದು ಅವರು ಕೇಳಿದರು. “ಇಲ್ಲ ಡಾಕ್ಟ್ರೇ, ಬಿಟ್ಟು ಒಂಬತ್ತು ವರ್ಷವಾಯಿತು” ಎಂದೆ. ಅವರು ಮಾತನಾಡದೆ ಕೈಗೆ ಕನ್ನಡಿ ಕೊಟ್ಟು ಕೆನ್ನೆಯ ಒಳಭಾಗವನ್ನು ತೋರಿಸಿದರು. ಅಲ್ಲಿ ಒಂದು ಬಿಳಿ ಮಚ್ಚೆ ಇತ್ತು. ಒರೆಸಿದರೂ ಹೋಗದ ಮಚ್ಚೆ.

ನಾನು ಸುಳ್ಳು ಹೇಳಬೇಕೆಂದು ಹೇಳಿರಲಿಲ್ಲ. ತಂಬಾಕು ಬಿಟ್ಟಿದ್ದೇನೆಂದೇ ನಂಬಿದ್ದೆ. ಇದೇ ನಂಬಿಕೆಯಲ್ಲಿ ನಮ್ಮ ಎಷ್ಟು ಮಂದಿ ಸಹೋದರರು ಬದುಕುತ್ತಿದ್ದಾರೆ!

ಕನ್ನಡದ ಹಳೆಯ ಹೆಸರನ್ನು ಗಮನಿಸಿ. ತಂಬಾಕಿಗೆ ನಾವು ಹೊಗೆಸೊಪ್ಪು ಎನ್ನುತ್ತೇವೆ. ಎಲೆ, ಅಡಿಕೆ, ಸುಣ್ಣದೊಂದಿಗೆ ಜಗಿಯುವಾಗಲೂ ಅದು ಹೊಗೆಸೊಪ್ಪೇ. ಉರಿಸಿದರೂ ಜಗಿದರೂ ವಸ್ತು ಒಂದೇ ಎಂಬುದನ್ನು ಭಾಷೆ ಮರೆಯಲಿಲ್ಲ, ನಾವು ಮರೆತೆವು.

ಇದು ಕೆಲವೇ ಮಂದಿಯ ಸಮಸ್ಯೆಯಲ್ಲ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇಕಡಾ 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರು ಶೇಕಡಾ 8.8, ಹೊಗೆಯಿಲ್ಲದ ತಂಬಾಕು ಬಳಸುವವರು ಶೇಕಡಾ 16.3. ಅಂದರೆ ಸೇದುವವರ ಸುಮಾರು ಇಮ್ಮಡಿ ಮಂದಿ ಜಗಿಯುತ್ತಿದ್ದರು. ಮಹಿಳೆಯರ ವಿಷಯದಲ್ಲಂತೂ ಅಂತರ ಇನ್ನೂ ದೊಡ್ಡದು. ದೇಶದಲ್ಲಿ ಸೇದುವ ಮಹಿಳೆಯರು ಶೇಕಡಾ 2 ಇದ್ದರೆ, ಜಗಿಯುವ ಅಥವಾ ಹಲ್ಲಿಗೆ ಉಜ್ಜುವ ಮಹಿಳೆಯರು ಶೇಕಡಾ 12.8. ಮನೆಯ ಹೆಂಗಸು ಬೀಡಿ ಹಚ್ಚಿದರೆ ಕುಟುಂಬದಲ್ಲಿ ಭೂಕಂಪವಾಗುತ್ತದೆ. ಅದೇ ಹೆಂಗಸು ಪಾನ್‌ದಾನ್ ತೆರೆದು ಎಲೆಗೆ ಜರ್ದಾ ಉದುರಿಸಿಕೊಂಡರೆ, ನಸ್ಯವನ್ನು ಹಲ್ಲಿಗೆ ತಿಕ್ಕಿಕೊಂಡರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಹೊಗೆಗೆ ಸಾಕ್ಷಿಗಳಿದ್ದಾರೆ, ಜಗಿತಕ್ಕೆ ಇಲ್ಲ.

“ಹಾಗಾದರೆ ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು?” ಎಂದು ಹಲವರು ಕೇಳುತ್ತಾರೆ. ಪ್ರಾಮಾಣಿಕವಾಗಿ ಉತ್ತರಿಸಬೇಕು. ಸಿಗರೇಟು, ಬೀಡಿಗಳ ಹೊಗೆ ಶ್ವಾಸಕೋಶ, ಹೃದಯ, ರಕ್ತನಾಳಗಳನ್ನು ನಾಶಪಡಿಸುತ್ತದೆ. ಸೇದುವವನನ್ನಲ್ಲದೆ ಪಕ್ಕದಲ್ಲಿ ಮಲಗಿರುವ ಮಗುವನ್ನೂ ಸುಡುತ್ತದೆ. ಜಗಿಯುವ ತಂಬಾಕಿನಲ್ಲಿ ಆ ಹೊಗೆ ಇಲ್ಲ, ನಿಜ. ಸ್ವೀಡನ್ ದೇಶದಲ್ಲಿ ತುಟಿಯಡಿ ಇಡುವ ‘ಸ್ನೂಸ್’ ಎಂಬ ತಂಬಾಕು ಸಿಗರೇಟಿಗಿಂತ ಕಡಿಮೆ ಅಪಾಯಕಾರಿ ಎಂಬುದನ್ನು ವಿಜ್ಞಾನಿಗಳು ಒಪ್ಪುತ್ತಾರೆ. ಆದರೆ ನಮ್ಮ ಬೀಡಾ ಅಂಗಡಿಯಲ್ಲಿ ತೂಗುವ ಪೊಟ್ಟಣ ಆ ವಸ್ತುವಲ್ಲ. ಸ್ನೂಸ್ ತಯಾರಿಸುವಾಗ ಕ್ಯಾನ್ಸರ್‌ಕಾರಕ ನೈಟ್ರೋಸಮೈನ್‌ಗಳನ್ನು ಕಡಿಮೆಗೊಳಿಸುವ ಕ್ರಮವಿದೆ. ನಮ್ಮ ಖೈನಿ, ಜರ್ದಾಗಳಲ್ಲಿ ಅವು ಹೇರಳವಾಗಿವೆ. ಜೊತೆಗೆ ಸುಣ್ಣ, ಜೊತೆಗೆ ಅಡಿಕೆ. ಸುಣ್ಣವು ನಿಕೋಟಿನ್ ಬೇಗನೆ ರಕ್ತಕ್ಕೆ ಇಳಿಯುವಂತೆ ಮಾಡುತ್ತದೆ. ಅಡಿಕೆ ಸ್ವತಃ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸಾರಿದೆ. ಹೊಗೆಯಿಲ್ಲದ ತಂಬಾಕನ್ನೂ ಅದೇ ವಿಭಾಗ ಸಿಗರೇಟಿನ ಸಾಲಿನಲ್ಲೇ, ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇರಿಸಿದೆ. ಬಾಯಿ, ಅನ್ನನಾಳ, ಮೇದೋಜೀರಕ ಗ್ರಂಥಿ, ಈ ಮೂರರ ಕ್ಯಾನ್ಸರಿಗೂ ಅದು ಕಾರಣವಾಗುತ್ತದೆ. ಇಂದು ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಬಾಯಿಯದ್ದೇ ಆಗಿದೆ. ಹೊಸೂರು ರಸ್ತೆಯಲ್ಲಿ, ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಿಂದ ನಡೆಯುತ್ತಿರುವ ಕ್ಯಾನ್ಸರ್ ಆಸ್ಪತ್ರೆಗೆ ಒಮ್ಮೆ ರೋಗಿಯನ್ನು ನೋಡಲು ಹೋಗಿ ಬನ್ನಿ. ಕಡಿಮೆ ಕೆಟ್ಟದ್ದು ಯಾವುದೆಂಬ ಪ್ರಶ್ನೆ ಅಲ್ಲಿ ಯಾರ ಬಾಯಿಂದಲೂ ಹೊರಡದು. ಕೆಲವರಿಗೆ ಮಾತನಾಡಲು ನಾಲಿಗೆಯೇ ಉಳಿದಿರುವುದಿಲ್ಲ.

ಈಗ ಎಲ್ಲರೂ ಒಂದು ಕೆಲಸ ಮಾಡಿ. ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ನಿಲ್ಲಿಸಿ ನೋಡಿ. ಆರೋಗ್ಯವಂತನ ಬಾಯಿ ಸಾಮಾನ್ಯವಾಗಿ ಅಷ್ಟು ತೆರೆಯುತ್ತದೆ. ಗುಟ್ಕಾ, ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಚರ್ಮ ಗಟ್ಟಿಯಾಗಿ, ಖಾರ ತಾಗಿದರೆ ಉರಿದು, ಬಾಯಿ ದಿನೇ ದಿನೇ ಕಿರಿದಾಗುತ್ತದೆ. ಮೂರು ಬೆರಳು ಹೋಗದಿದ್ದರೆ, ಎರಡು ವಾರಕ್ಕೂ ಮಾಯದ ಹುಣ್ಣಿದ್ದರೆ, ಬಿಳಿಯ ಅಥವಾ ಕೆಂಪು ಮಚ್ಚೆ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಸಹೋದರರೇ, ತಂಬಾಕು ನಮ್ಮ ನಾಡಿಗೆ ಹೊಸತಲ್ಲ. ಅಕ್ಬರನ ದೂತನಾಗಿ ಆದಿಲ್‌ಶಾಹಿಗಳ ಬಿಜಾಪುರಕ್ಕೆ, ಅಂದರೆ ಇಂದಿನ ನಮ್ಮ ವಿಜಯಪುರಕ್ಕೆ ಬಂದಿದ್ದ ಅಸದ್ ಬೇಗ್, 1604ರ ಸುಮಾರಿಗೆ ಅಲ್ಲಿಂದ ತಂಬಾಕನ್ನೂ ಅಂದವಾದ ಕೊಳವೆಯನ್ನೂ ಮೊಗಲ್ ದರ್ಬಾರಿಗೆ ಕೊಂಡೊಯ್ದನು. ಅಕ್ಬರನು ಕುತೂಹಲದಿಂದ ಒಂದೆರಡು ದಮ್ಮು ಎಳೆದಾಗ ಹಕೀಮನು ತಡೆದನು. ನಮ್ಮ ವೈದ್ಯಗ್ರಂಥಗಳಲ್ಲಿಲ್ಲದ, ಗುಣ ತಿಳಿಯದ ವಸ್ತುವನ್ನು ಸೇವಿಸಬಾರದೆಂಬುದು ಅವನ ವಾದವಾಗಿತ್ತು. ಅಕ್ಬರನು ಮುಂದುವರಿಸಲಿಲ್ಲ, ಆದರೆ ಅಮೀರರು ಮುಂದುವರಿಸಿದರು. 1617ರಲ್ಲಿ ಜಹಾಂಗೀರನು ನಿಷೇಧ ಹೊರಡಿಸಿದನು. ನಿಷೇಧ ಸೋತಿತು, ತಂಬಾಕು ಗೆದ್ದಿತು. ನಾಲ್ಕು ಶತಮಾನಗಳ ಹಿಂದಿನ ಆ ಹಕೀಮನಿಗೆ ತಿಳಿದಿರದ ಗುಣ ಇಂದು ನಮಗೆ ತಿಳಿದಿದೆ. ಹೀಗಿರುವಾಗ ನಮ್ಮ ಹೊಣೆ ಅವನಿಗಿಂತ ದೊಡ್ಡದಲ್ಲವೇ?

ಧರ್ಮದ ತೀರ್ಪಿನ ಕುರಿತೂ ಇದೇ ಮಾತು ಅನ್ವಯಿಸುತ್ತದೆ. ತಂಬಾಕು ಪ್ರವಾದಿವರ್ಯರ(ಸ) ಕಾಲದ ಅರೇಬಿಯದಲ್ಲಿರಲಿಲ್ಲ. ಆದ್ದರಿಂದ ಹಿಂದಿನ ವಿದ್ವಾಂಸರಲ್ಲಿ ಕೆಲವರು ಅದನ್ನು ಅನುಮತಿಸಿದರು, ಕೆಲವರು ಮಕ್ರೂಹ್ ಎಂದರು, ಕೆಲವರು ಹರಾಮ್ ಎಂದರು. ಅದರ ಹಾನಿಯ ಪೂರ್ಣ ಚಿತ್ರಣ ಅಂದು ಅವರ ಮುಂದಿರಲಿಲ್ಲ. ಚಿತ್ರಣ ಸ್ಪಷ್ಟವಾದ ಬಳಿಕ, 2000ದಲ್ಲಿ ಈಜಿಪ್ಟಿನ ಗ್ರಾಂಡ್ ಮುಫ್ತಿಯವರು ಧೂಮಪಾನವನ್ನು ಹರಾಮ್ ಎಂದು ಸಾರಿದರು. ಸ್ವಂತ ಕೈಗಳಿಂದಲೇ ತಮ್ಮನ್ನು ವಿನಾಶಕ್ಕೆ ತಳ್ಳಿಕೊಳ್ಳಬಾರದೆಂಬ ಎಚ್ಚರಿಕೆ ಪವಿತ್ರ ಕುರ್‌ಆನಿನ ಅಲ್‌ಬಕರಃ ಅಧ್ಯಾಯದ 195ನೇ ಸೂಕ್ತದಲ್ಲಿದೆ. ಆ ಎಚ್ಚರಿಕೆ ಹೊಗೆಗೆ ಅನ್ವಯಿಸಿ ಜಗಿತಕ್ಕೆ ಅನ್ವಯಿಸದಿರಲು ಸಾಧ್ಯವೇ? ಹಸಿ ಬೆಳ್ಳುಳ್ಳಿ, ನೀರುಳ್ಳಿ ತಿಂದು ಆ ವಾಸನೆಯೊಂದಿಗೆ ಮಸೀದಿಗೆ ಬರುವುದನ್ನೇ ಪ್ರವಾದಿವರ್ಯರು(ಸ) ತಡೆದಿದ್ದರು. ನಾವಾದರೋ ಹೌಝ್‌ನ ಬಳಿ ನಿಂತು ಬಾಯಿಯ ಗುಟ್ಕಾ ಉಗಿದು, ಮೂರು ಬಾರಿ ಮುಕ್ಕಳಿಸಿ, ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ.

ದುಂದುವೆಚ್ಚದ ಲೆಕ್ಕವನ್ನೂ ಮಾಡೋಣ. ಇಲ್ಲೇ ಪಕ್ಕದ ಕಾಮಾಕ್ಷಿಪಾಳ್ಯದ ಕಾರ್ಖಾನೆಗಳಲ್ಲಿ ದುಡಿಯುವ ಸಹೋದರನೊಬ್ಬ ದಿನಕ್ಕೆ 40 ರೂಪಾಯಿಯ ತಂಬಾಕು ಬಳಸುತ್ತಾನೆಂದಿಟ್ಟುಕೊಳ್ಳಿ. ವರ್ಷಕ್ಕೆ 14,600 ರೂಪಾಯಿ. ಹತ್ತು ವರ್ಷಕ್ಕೆ 1,46,000. ಮಗಳ ಕಾಲೇಜು ಶುಲ್ಕಕ್ಕೆ ಹಣವಿಲ್ಲವೆಂದು ಜಕಾತ್ ಸಮಿತಿಗೆ ಅರ್ಜಿ ಬರೆಯುವ ಮುನ್ನ ಈ ಲೆಕ್ಕವನ್ನು ನಾವು ನೋಡಬೇಡವೇ?

ಆಡಳಿತದ ಧೋರಣೆಯನ್ನೂ ಪ್ರಶ್ನಿಸದೆ ಬಿಡುವಂತಿಲ್ಲ. ಒಂದೆಡೆ ಆರೋಗ್ಯ ಇಲಾಖೆ ಪೊಟ್ಟಣದ ಮೇಲೆ ಕ್ಯಾನ್ಸರಿನ ಚಿತ್ರ ಮುದ್ರಿಸುತ್ತದೆ. ಇನ್ನೊಂದೆಡೆ ಕೇಂದ್ರ ವಾಣಿಜ್ಯ ಸಚಿವಾಲಯದ ಅಡಿಯಲ್ಲಿ 1976ರಿಂದ ತಂಬಾಕು ಮಂಡಳಿ ಕಾರ್ಯಾಚರಿಸುತ್ತಿದೆ, ಹುಣಸೂರು, ಪಿರಿಯಾಪಟ್ಟಣಗಳ ಹರಾಜು ಕಟ್ಟೆಗಳಲ್ಲಿ ವ್ಯಾಪಾರ ನಡೆಯುತ್ತಿದೆ. ಕರ್ನಾಟಕದಲ್ಲಿ 2013ರ ಮೇ ತಿಂಗಳ ಕೊನೆಯಲ್ಲಿ ಗುಟ್ಕಾ ನಿಷೇಧವಾಯಿತು. ವ್ಯಾಪಾರಿಗಳು ಪಾನ್ ಮಸಾಲೆಯನ್ನು ಒಂದು ಪೊಟ್ಟಣದಲ್ಲಿ, ತಂಬಾಕನ್ನು ಇನ್ನೊಂದರಲ್ಲಿ ಮಾರತೊಡಗಿದರು. ಗ್ರಾಹಕನ ಬಾಯಿಯಲ್ಲಿ ಎರಡೂ ಸೇರಿ ಮತ್ತೆ ಗುಟ್ಕಾ ಆಯಿತು. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆಯು ತಂಬಾಕು ಮಾರಾಟದ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ, ಹುಕ್ಕಾ ಬಾರ್‌ಗಳನ್ನು ನಿಷೇಧಿಸಿದೆ, ಸಾರ್ವಜನಿಕ ಸ್ಥಳದಲ್ಲಿ ತಂಬಾಕು ಬಳಸಿದರೆ 1,000 ರೂಪಾಯಿವರೆಗೆ ದಂಡ ವಿಧಿಸಿದೆ. ಸ್ವಾಗತಾರ್ಹ. ಆದರೆ ರೈತನಿಗೆ ಬದಲಿ ಬೆಳೆ, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಕರಾವಳಿಯ ನಮ್ಮ ತಾಯಂದಿರಿಗೆ ಬದಲಿ ದುಡಿಮೆ ಕೊಡದೆ, ಬರಿಯ ದಂಡದ ರಸೀದಿಯಿಂದ ಈ ಪಿಡುಗು ತೊಲಗದು.

ಸರಕಾರ ಎಚ್ಚರಗೊಳ್ಳುವವರೆಗೆ ನಾವು ಕಾಯಬೇಕಾಗಿಲ್ಲ. ಬಿಡಲಾಗುವುದಿಲ್ಲ ಎನ್ನುವವರಿಗೆ ನನ್ನ ಉತ್ತರ ರಮಝಾನ್. ಗಂಟೆಗೊಂದು ಬೀಡಿ ಬೇಕೆನ್ನುವವನು, ಪಾನ್ ಇಲ್ಲದೆ ಮಾತೇ ಹೊರಡದೆನ್ನುವವನು ಸಹ್ರಿಯಿಂದ ಮಗ್ರಿಬ್‌ವರೆಗೆ ಹದಿಮೂರು ಗಂಟೆಗೂ ಹೆಚ್ಚು ಕಾಲ ಅದನ್ನು ಮುಟ್ಟುವುದಿಲ್ಲ. ಒಂದು ದಿನವಲ್ಲ, ಇಡೀ ತಿಂಗಳು. ಕಾವಲಿಗೆ ಪೊಲೀಸರಿಲ್ಲ, ಕೋಣೆಯ ಬಾಗಿಲು ಮುಚ್ಚಿದರೆ ನೋಡುವವರಿಲ್ಲ. ಆದರೂ ಮುಟ್ಟುವುದಿಲ್ಲ. ಈ ಶಕ್ತಿ ನಮ್ಮೊಳಗಿದೆ. ದುಃಖದ ಸಂಗತಿಯೆಂದರೆ ಖರ್ಜೂರದ ಬೀಜ ಕೈಯಲ್ಲಿರುವಾಗಲೇ ಕೆಲವರ ಇನ್ನೊಂದು ಕೈ ಜೇಬಿನ ಪೊಟ್ಟಣವನ್ನು ತಡಕುತ್ತದೆ.

ಆದರೆ ಸಂಕಲ್ಪವೊಂದೇ ಸಾಕೆಂದು ಹೇಳಿ ನಿಮ್ಮನ್ನು ವಂಚಿಸಲಾರೆ. ನಾನು ಮೊದಲ ಬಾರಿ ಬಿಟ್ಟಾಗ ಹನ್ನೊಂದು ದಿನ ತಡೆದುಕೊಂಡೆ. ಹನ್ನೆರಡನೆಯ ದಿನ ಮದುವೆಯೊಂದರಲ್ಲಿ ಬೀಡಾ ತಟ್ಟೆ ಮುಂದೆ ಬಂತು, ಸೋತೆ. ನಿಕೋಟಿನ್ ಒಂದು ವ್ಯಸನ, ಅದಕ್ಕೆ ಚಿಕಿತ್ಸೆ ಇದೆ. ಬಿಟ್ಟ ಮೊದಲ ಎರಡು ಮೂರು ದಿನ ತಲೆನೋವು, ಸಿಡುಕು, ನಿದ್ರಾಹೀನತೆ ತೀವ್ರವಾಗಿರುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಬಯಕೆಯ ಪ್ರತಿಯೊಂದು ಅಲೆ ಕೆಲವು ನಿಮಿಷಗಳದ್ದು. ಒಂದು ಲೋಟ ನೀರು, ಒಂದು ಏಲಕ್ಕಿ, ಒಂದು ವುಝೂ, ಅಷ್ಟರಲ್ಲಿ ಅದು ಹಾದುಹೋಗುತ್ತದೆ. ಬದಲಿಯಾಗಿ ಅಡಿಕೆ ಮಾತ್ರ ಬೇಡ. ಬಿಡುವ ದಿನವನ್ನು ಮೊದಲೇ ನಿಗದಿಪಡಿಸಿ, ಮನೆಯವರಿಗೆ ತಿಳಿಸಿ. 1800-11-2356 ಎಂಬ ಉಚಿತ ರಾಷ್ಟ್ರೀಯ ಸಂಖ್ಯೆಗೆ ಕರೆ ಮಾಡಿದರೆ ಸಲಹೆ ಸಿಗುತ್ತದೆ. 2018ರಲ್ಲಿ ಈ ಸೇವೆ ನಮ್ಮ ನಿಮ್ಹಾನ್ಸ್‌ಗೂ ವಿಸ್ತರಿಸಿದ ಬಳಿಕ ಕನ್ನಡದಲ್ಲೂ ಮಾತನಾಡಬಹುದಾಗಿದೆ. ನಿಕೋಟಿನ್ ಗಮ್, ಮಾತ್ರೆಗಳೂ ಇವೆ. ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅವನ್ನು ಬಳಸಬಾರದು. ಒಮ್ಮೆ ಜಾರಿದರೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲಬೇಡಿ. ತೌಬಾದ ಬಾಗಿಲು ಒಂದೇ ಬಾರಿಗೆ ಮುಚ್ಚುವುದಿಲ್ಲವೆಂದು ನಂಬುವ ಸಮುದಾಯ ನಮ್ಮದು. ಎರಡನೆಯ ಬಾರಿ ವೈದ್ಯರ ನೆರವು ಪಡೆದೆ, ನಿಂತಿತು. ಮಚ್ಚೆ ಕ್ಯಾನ್ಸರ್ ಆಗಿರಲಿಲ್ಲ, ಅದರ ಮುನ್ಸೂಚನೆಯಾಗಿತ್ತು. ಆರು ತಿಂಗಳಿಗೊಮ್ಮೆ ಇಂದಿಗೂ ತೋರಿಸಿಕೊಂಡು ಬರುತ್ತೇನೆ.

ಕೊನೆಯದಾಗಿ ಮೂರು ವಿನಂತಿಗಳು. ಮದುವೆಯ ಮನೆಗಳಲ್ಲಿ ಜರ್ದಾದ ಬೀಡಾ ತಟ್ಟೆಯನ್ನು ನಿಲ್ಲಿಸೋಣ. ಸಿಹಿ, ಸೋಂಪು ಸಾಕು. ಮಸೀದಿ ಸಮಿತಿಯವರು ವರ್ಷಕ್ಕೊಮ್ಮೆಯಾದರೂ ಬಾಯಿ ತಪಾಸಣಾ ಶಿಬಿರ ಏರ್ಪಡಿಸಲಿ, ಮಹಿಳೆಯರಿಗೆ ಪ್ರತ್ಯೇಕ ವ್ಯವಸ್ಥೆ ಇರಲಿ. ಮೂರನೆಯದು ತಂದೆಯಂದಿರಿಗೆ. ಹತ್ತು ವರ್ಷದ ಮಗನ ಕೈಗೆ ಹಣ ಕೊಟ್ಟು, “ಹೋಗಿ ಅಂಗಡಿಯಿಂದ ತೆಗೆದುಕೊಂಡು ಬಾ” ಎಂದು ಕಳುಹಿಸಬೇಡಿ. ಅಂಗಡಿಯವನು ಅವನಿಗೆ ಕೊಡುವುದು ಅಪರಾಧ. ತರಿಸುವ ನಾವು ಏನಾಗುತ್ತೇವೆ? ಆ ಮಗು ತರುವುದು ಪೊಟ್ಟಣವನ್ನು ಮಾತ್ರವಲ್ಲ, ಅಂಗಡಿಯ ದಾರಿಯನ್ನೂ ಕಲಿತು ಬರುತ್ತದೆ.

ನಾಳೆ ವೈದ್ಯರು “ತಂಬಾಕು ಬಳಸುತ್ತೀರಾ?” ಎಂದು ಕೇಳಿದಾಗ, ನಾನು ಅಂದು ಹೇಳಿದ ‘ಇಲ್ಲ’ವನ್ನು ನೀವು ಹೇಳದಿರಿ. ನಿಜವಾದ ‘ಇಲ್ಲ’ವನ್ನು ಹೇಳುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.