ವಿಳಾಸಪಟ್ಟಿಯ ವರ್ಗೀಕರಣ ಹಾಗೂ ಇ-ಅಂಚೆಯಲ್ಲಿ ನಿಖರ ಹುಡುಕಾಟ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಟಪಾಲು ಕಾಗದದಲ್ಲಿಯೇ ಬರುತ್ತಿದ್ದ ಕಾಲದಲ್ಲಿ ಒಂದು ಪತ್ರ ಕಚೇರಿಗೆ ತಲುಪಿದೆಯೇ ಎಂಬುದನ್ನು ತಿಳಿಯಲು ಸ್ವೀಕೃತಿ ವಹಿಯ ಪುಟ ತಿರುವಿದರೆ ಸಾಕಾಗುತ್ತಿತ್ತು. ಇಂದು ಸುತ್ತೋಲೆ, ನಡವಳಿ, ಅನುದಾನದ ಆದೇಶ, ನಾಗರಿಕರ ಅರ್ಜಿ ಮತ್ತು ಅಂಗಡಿಗಳ ಜಾಹೀರಾತು ಎಲ್ಲವೂ ಇ-ಅಂಚೆಯ ಒಂದೇ ಪೆಟ್ಟಿಗೆಯಲ್ಲಿ ಬಂದು ಸೇರುತ್ತವೆ. ಪತ್ರ ಬಂದಿದ್ದರೂ ಸಿಗದಿದ್ದರೆ ಅದು ಬಾರದುದಕ್ಕೆ ಸಮ. ಹಾಗೆಯೇ ಸಭೆಯ ಸೂಚನೆ ಹೊರಟಿದ್ದರೂ ಒಬ್ಬ ಸದಸ್ಯರ ವಿಳಾಸ ಪಟ್ಟಿಯಿಂದ ತಪ್ಪಿದ್ದರೆ, ಆ ಸದಸ್ಯರ ಮಟ್ಟಿಗೆ ಸೂಚನೆಯೇ ಹೊರಟಿಲ್ಲ. ಆದ್ದರಿಂದ ವಿಳಾಸಗಳನ್ನು ವರ್ಗವಾರು ಜೋಡಿಸುವುದು ಮತ್ತು ನಿಖರವಾಗಿ ಹುಡುಕುವುದು ಗಣಕಯಂತ್ರ ನಿರ್ವಾಹಕರಿಗೆ ಮಾತ್ರ ಸಂಬಂಧಿಸಿದ ಕೆಲಸವಲ್ಲ. ಹೆಚ್ಚು ಬಳಕೆಯಲ್ಲಿರುವ ಜಿಮೇಲ್ ಮತ್ತು ಅದರ ಜೊತೆಗಿರುವ ಗೂಗಲ್ ಕಾಂಟ್ಯಾಕ್ಟ್ಸ್ ಅನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ಇಲ್ಲಿ ವಿವರಿಸಲಾಗಿದೆ.

1. ವಿಳಾಸಗಳಿಗೆ ವರ್ಗ

ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ವರ್ಗವನ್ನು ‘ಲೇಬಲ್’ ಎನ್ನುತ್ತಾರೆ. ‘ಸದಸ್ಯರು’, ‘ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿ’, ‘ತಾಲ್ಲೂಕು ಕಚೇರಿಗಳು’, ‘ಸ್ವಸಹಾಯ ಸಂಘಗಳು’, ‘ಶಾಲೆ ಮತ್ತು ಅಂಗನವಾಡಿ’ ಎಂಬಂತೆ ಲೇಬಲ್‌ಗಳನ್ನು ರಚಿಸಬಹುದು. ಒಂದು ವಿಳಾಸಕ್ಕೆ ಒಂದಕ್ಕಿಂತ ಹೆಚ್ಚು ಲೇಬಲ್ ಇರಬಹುದು. ಸ್ಥಾಯಿ ಸಮಿತಿಯಲ್ಲಿರುವ ಸದಸ್ಯರಿಗೆ ‘ಸದಸ್ಯರು’ ಎಂಬ ಲೇಬಲ್ ಕೂಡ ಇರಲೇಬೇಕು. ಪತ್ರ ಬರೆಯುವಾಗ ‘ಟು’ ಎಂಬ ಜಾಗದಲ್ಲಿ ಲೇಬಲ್‌ನ ಹೆಸರು ಟೈಪ್ ಮಾಡಿ ಆರಿಸಿದರೆ ಅದರೊಳಗಿನ ಎಲ್ಲ ವಿಳಾಸಗಳೂ ಒಮ್ಮೆಗೇ ಸೇರಿಕೊಳ್ಳುತ್ತವೆ.

ಪ್ರತಿ ವಿಳಾಸದಲ್ಲಿ ಹೆಸರಿನ ಜೊತೆಗೆ ಹುದ್ದೆ ಮತ್ತು ಸಂಸ್ಥೆಯ ಜಾಗಗಳನ್ನೂ ತುಂಬಬೇಕು. ಅಧಿಕಾರಿಗಳು ವರ್ಗಾವಣೆಯಾಗುತ್ತಾರೆ, ಹುದ್ದೆ ಉಳಿಯುತ್ತದೆ. ‘ಕಿರಿಯ ಅಭಿಯಂತರ’ ಎಂದು ಹುಡುಕಿದಾಗ ಈಗ ಆ ಹುದ್ದೆಯಲ್ಲಿ ಇರುವವರೇ ಸಿಗುವಂತೆ ದಾಖಲೆ ಇರಬೇಕು.

2. ಪತ್ರಗಳ ಹುಡುಕಾಟ

ಒಂದು ಗೊಂದಲವನ್ನು ಮೊದಲೇ ನಿವಾರಿಸಿಕೊಳ್ಳಬೇಕು. ಜಿಮೇಲ್‌ನಲ್ಲಿ ಪತ್ರಗಳಿಗೆ ಹಚ್ಚುವ ಲೇಬಲ್ ಬೇರೆ, ವಿಳಾಸಗಳಿಗೆ ಹಚ್ಚುವ ಲೇಬಲ್ ಬೇರೆ. ವಿಳಾಸಕ್ಕೆ ‘ತಾಲ್ಲೂಕು ಕಚೇರಿಗಳು’ ಎಂದು ಗುರುತು ಹಾಕಿದ ಮಾತ್ರಕ್ಕೆ ಆ ಕಚೇರಿಗಳ ಪತ್ರಗಳು ತಾವಾಗಿಯೇ ಒಂದೆಡೆ ಸೇರುವುದಿಲ್ಲ. ಅವುಗಳನ್ನು ಹುಡುಕಾಟದ ಸೂತ್ರದಿಂದ ಸೇರಿಸಬೇಕು.

ಮುಖ್ಯ ಸೂತ್ರಪದಗಳು ಇವು. ಟೈಪ್ ಮಾಡುವಾಗ ಇವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕೂಡಲೇ ಕೋಲನ್ ಚಿಹ್ನೆ ಹಾಕಿ, ನಡುವೆ ಜಾಗ ಬಿಡದೆ ಮುಂದುವರಿಸಬೇಕು.

‘ಫ್ರಮ್’ – ಯಾರಿಂದ ಬಂದ ಪತ್ರ. ಇದರ ಮುಂದೆ ಪೂರ್ಣ ವಿಳಾಸ ಬರೆಯಬಹುದು ಅಥವಾ ಇಲಾಖೆಯ ವಿಳಾಸದಲ್ಲಿ ‘ಅಟ್’ ಚಿಹ್ನೆಯ ನಂತರದ ಭಾಗವನ್ನಷ್ಟೇ ಬರೆಯಬಹುದು. ಎರಡನೆಯ ರೀತಿಯಲ್ಲಿ ಆ ಇಲಾಖೆಯ ಎಲ್ಲರಿಂದ ಬಂದ ಪತ್ರಗಳೂ ಸಿಗುತ್ತವೆ.
‘ಸಬ್ಜೆಕ್ಟ್’ – ವಿಷಯದ ಸಾಲಿನಲ್ಲಿರುವ ಪದ.
‘ಹ್ಯಾಸ್’ ಮತ್ತು ‘ಅಟ್ಯಾಚ್‌ಮೆಂಟ್’ – ಕೋಲನ್‌ನ ಎರಡು ಬದಿಯಲ್ಲಿ ಇವುಗಳನ್ನು ಬರೆದರೆ ಲಗತ್ತು ಇರುವ ಪತ್ರಗಳು ಮಾತ್ರ.
‘ಆಫ್ಟರ್’, ‘ಬಿಫೋರ್’ – ಇಂಥ ದಿನದ ನಂತರ, ಇಂಥ ದಿನಕ್ಕೆ ಮೊದಲು. ದಿನಾಂಕವನ್ನು 2024/04/01 ಎಂಬಂತೆ ವರ್ಷ, ತಿಂಗಳು, ದಿನದ ಕ್ರಮದಲ್ಲಿ ಬರೆಯಬೇಕು. 2024-25ರ ಆರ್ಥಿಕ ವರ್ಷದ ಪತ್ರಗಳಿಗೆ ‘ಆಫ್ಟರ್’ ಮುಂದೆ 2024/04/01, ‘ಬಿಫೋರ್’ ಮುಂದೆ 2025/04/01.
‘ಆರ್’ – ಇದೋ ಅದೋ ಎಂಬ ಅರ್ಥ. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೇ ಬರೆಯಬೇಕು.
ಪದದ ಹಿಂದೆ ಅಂಟಿದಂತೆ ಕಳೆಯುವ ಚಿಹ್ನೆ – ಆ ಪದವಿರುವ ಪತ್ರಗಳು ಬೇಡ.
ಉದ್ಧರಣ ಚಿಹ್ನೆ – ಒಳಗಿನ ಪದಗಳು ಅದೇ ಕ್ರಮದಲ್ಲಿ ಇರಬೇಕು. ‘ಹಣಕಾಸು ಆಯೋಗ’ ಎಂಬುದನ್ನು ಹೀಗೆ ಬರೆದರೆ ಹಣಕಾಸಿನ ಇತರ ಪತ್ರಗಳು ದೂರ ಉಳಿಯುತ್ತವೆ.

ಈ ಸೂತ್ರಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸಬಹುದು. ತಾಲ್ಲೂಕು ಪಂಚಾಯಿತಿಯ ವಿಳಾಸ, ಲಗತ್ತು, ಆರ್ಥಿಕ ವರ್ಷ ಈ ಮೂರನ್ನು ಕೂಡಿಸಿದರೆ ಆ ವರ್ಷ ಅಲ್ಲಿಂದ ಬಂದ ಆದೇಶಗಳು ಒಂದೇ ಪರದೆಯಲ್ಲಿ ನಿಲ್ಲುತ್ತವೆ. ದಿನಾಂಕದ ಭಾಗವನ್ನು ಬಿಟ್ಟು ಉಳಿದ ಸೂತ್ರದಿಂದ ‘ಫಿಲ್ಟರ್’ ರಚಿಸಿದರೆ ಮುಂದೆ ಬರುವ ಅಂಥ ಪತ್ರಗಳಿಗೆ ಲೇಬಲ್ ತಾನಾಗಿಯೇ ಬೀಳುತ್ತದೆ.

ಸಾಮಾನ್ಯ ಹುಡುಕಾಟ ‘ಸ್ಪ್ಯಾಮ್’ ಮತ್ತು ಕಸದ ಬುಟ್ಟಿಯ ಒಳಗೆ ನೋಡುವುದಿಲ್ಲ ಎಂಬುದನ್ನು ನೆನಪಿಡಬೇಕು. ಅಲ್ಲಿಯೂ ನೋಡಲು ‘ಇನ್’ ಮತ್ತು ‘ಎನಿವೇರ್’ ಎಂಬ ಪದಗಳನ್ನು ಕೋಲನ್‌ನಿಂದ ಜೋಡಿಸಿ ಬರೆಯಬೇಕು. ಸ್ಪ್ಯಾಮ್‌ನಲ್ಲಿ ಬಿದ್ದ ಪತ್ರ 30 ದಿನಗಳ ನಂತರ ಅಳಿಸಿಹೋಗುತ್ತದೆ. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಅರ್ಜಿಯನ್ನು ವಿದ್ಯುನ್ಮಾನ ಮಾಧ್ಯಮದಲ್ಲಿಯೂ ಸಲ್ಲಿಸಬಹುದು, ಉತ್ತರಕ್ಕೆ ಇರುವ ಸಾಮಾನ್ಯ ಅವಧಿಯೂ 30 ದಿನವೇ. ಅಪರಿಚಿತ ವಿಳಾಸದಿಂದ ಬಂದ ಅರ್ಜಿಯೊಂದು ಸ್ಪ್ಯಾಮ್‌ಗೆ ಸರಿದರೆ ಅವಧಿಯೂ ಮುಗಿಯುತ್ತದೆ, ಅರ್ಜಿಯೂ ಮಾಯವಾಗುತ್ತದೆ. ವಾರಕ್ಕೊಮ್ಮೆಯಾದರೂ ಅಲ್ಲಿ ಕಣ್ಣಾಡಿಸುವುದು ಅವಶ್ಯ.

3. ಕನ್ನಡದಲ್ಲಿ ಹುಡುಕುವಾಗ

ಕನ್ನಡದ ಪದ ಪ್ರತ್ಯಯ ಸೇರಿ ರೂಪ ಬದಲಿಸುತ್ತದೆ. ‘ಸಭೆ’ ಎಂದು ಹುಡುಕಿದರೆ ‘ಸಭೆಯಲ್ಲಿ’, ‘ಸಭೆಗೆ’ ಎಂದಷ್ಟೇ ಬರೆದಿರುವ ಪತ್ರ ಸಿಗದಿರಬಹುದು. ಆದ್ದರಿಂದ ಎರಡು ಮೂರು ರೂಪಗಳನ್ನು, ಜೊತೆಗೆ ಇಂಗ್ಲಿಷಿನ ‘ಮೀಟಿಂಗ್’ ಪದವನ್ನೂ ‘ಆರ್’ ಸೂತ್ರದಿಂದ ಜೋಡಿಸಬೇಕು. ಒಂದೇ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಹಲವು ಬಗೆಯಾಗಿ ಬರೆಯುವ ರೂಢಿ ಇರುವುದರಿಂದ ಅದಕ್ಕೂ ಇದೇ ಉಪಾಯ.

ಯುನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಕಡತ ಓದುವವರ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಪಾಲಿಗೆ ಇಂಗ್ಲಿಷ್ ಅಕ್ಷರಗಳ ಗೊಂದಲವೇ ಸರಿ. ಸ್ಕ್ಯಾನ್ ಮಾಡಿದ ಪುಟವು ಒಂದು ಚಿತ್ರವಷ್ಟೇ. ಇವುಗಳ ಒಳಗಿನ ಪದಗಳನ್ನು ಹುಡುಕಾಟ ಹಿಡಿಯುತ್ತದೆಂದು ನಂಬಲಾಗದು. ಇದಕ್ಕೆ ಪರಿಹಾರ ಸರಳ: ಪಂಚಾಯಿತಿಯಿಂದ ಹೊರಡುವ ಪ್ರತಿ ಪತ್ರದ ವಿಷಯದ ಸಾಲಿನಲ್ಲಿ ಕಡತ ಸಂಖ್ಯೆ, ದಿನಾಂಕ ಮತ್ತು ವಿಷಯವನ್ನು ಯುನಿಕೋಡ್ ಕನ್ನಡದಲ್ಲಿ ಬರೆಯುವುದು.

4. ಹುಡುಕಾಟ ತೋರಿಸದವರು

ವರ್ಗವಾರು ಹುಡುಕಾಟಕ್ಕೆ ಒಂದು ಮಿತಿಯಿದೆ. ಅದು ಗುರುತು ಹಾಕಿದವರನ್ನು ಮಾತ್ರ ತೋರಿಸುತ್ತದೆ, ಗುರುತು ಹಾಕದೆ ಬಿಟ್ಟವರ ಬಗ್ಗೆ ಮೌನವಾಗಿರುತ್ತದೆ. 17 ಸದಸ್ಯರಿರುವ ಒಂದು ಪಂಚಾಯಿತಿಯನ್ನು ಭಾವಿಸೋಣ. ‘ಸದಸ್ಯರು’ ಲೇಬಲ್‌ನಲ್ಲಿ 16 ವಿಳಾಸಗಳಿವೆ. ಪತ್ರ ಯಾವ ಅಡಚಣೆಯೂ ಇಲ್ಲದೆ 16 ಮಂದಿಗೆ ಹೋಗುತ್ತದೆ. ಯಂತ್ರ ಯಾವ ದೋಷವನ್ನೂ ವರದಿ ಮಾಡುವುದಿಲ್ಲ. ಹದಿನೇಳನೆಯವರು ಉಪಚುನಾವಣೆಯಲ್ಲಿ ಆಯ್ಕೆಯಾಗಿ ಬಂದವರಿರಬಹುದು, ಇಲ್ಲವೇ ಸ್ವಂತ ಇ-ಅಂಚೆ ವಿಳಾಸವಿಲ್ಲದೆ ಮನೆಯವರ ಫೋನನ್ನೇ ಅವಲಂಬಿಸಿದವರಿರಬಹುದು. ಕಾರ್ಯಸೂಚಿಯನ್ನು ಮೊದಲೇ ಓದಿ ಬಂದವರ ನಡುವೆ ಅವರು ಏನೂ ತಿಳಿಯದೆ ಕುಳಿತಿರಬೇಕಾಗುತ್ತದೆ. ಅವರ ವಾರ್ಡಿನ ಬೇಡಿಕೆ ಅಂದು ಸಭೆಯ ಮುಂದೆ ಬರುವುದೇ ಇಲ್ಲ.

ಇದನ್ನು ತಡೆಯಲು ಎರಡು ನಿಮಿಷ ಸಾಕು. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಲೇಬಲ್‌ನ ಹೆಸರಿನ ಪಕ್ಕದಲ್ಲಿ ಅದರೊಳಗಿನ ವಿಳಾಸಗಳ ಸಂಖ್ಯೆ ಕಾಣುತ್ತದೆ. ಆ ಸಂಖ್ಯೆಯನ್ನು ಸದಸ್ಯರ ಹಾಜರಿ ವಹಿಯ ಸಂಖ್ಯೆಯೊಡನೆ ಹೋಲಿಸಬೇಕು. ವ್ಯತ್ಯಾಸವಿದ್ದರೆ ಯಾರ ಹೆಸರು ಬಿಟ್ಟಿದೆ ಎಂದು ವಹಿಯಿಂದಲೇ ಗುರುತಿಸಬೇಕು. ಸಂಖ್ಯೆ ಸರಿಯಿದ್ದರೂ ಮಾಜಿ ಸದಸ್ಯರೊಬ್ಬರ ವಿಳಾಸ ಉಳಿದು ಹಾಲಿ ಸದಸ್ಯರೊಬ್ಬರದು ಬಿಟ್ಟಿರುವ ಸಾಧ್ಯತೆ ಇರುವುದರಿಂದ ಚುನಾವಣೆಯ ನಂತರ ಹೆಸರುಗಳನ್ನೂ ಒಂದೊಂದಾಗಿ ತಾಳೆ ನೋಡಬೇಕು. ಇ-ಅಂಚೆ ಇಲ್ಲದವರಿಗೆ ಕಾಗದದ ಸೂಚನೆ ತಲುಪಲೇಬೇಕು. ಅಧಿನಿಯಮದಂತೆ ನೀಡಬೇಕಾದ ನೋಟಿಸಿನ ಜಾಗವನ್ನು ಇ-ಅಂಚೆ ತುಂಬುತ್ತದೆಂದು ಭಾವಿಸಬಾರದು.

ಫಲಾನುಭವಿಗಳಿಗೆ ಒಟ್ಟಾಗಿ ಪತ್ರ ಕಳುಹಿಸುವಾಗ ವಿಳಾಸಗಳನ್ನು ‘ಬಿಸಿಸಿ’ ಜಾಗದಲ್ಲಿಯೇ ಸೇರಿಸಬೇಕು. ಆಗ ಒಬ್ಬರ ವಿಳಾಸ ಮತ್ತೊಬ್ಬರಿಗೆ ಕಾಣುವುದಿಲ್ಲ.

ಮಾನ್ಯ ಸದಸ್ಯರು ಮುಂದಿನ ಸಭೆಗೆ ಮುನ್ನ ಕಚೇರಿಯಲ್ಲಿ ಒಂದು ಪ್ರಶ್ನೆ ಕೇಳಿದರೆ ಈ ಉಪನ್ಯಾಸ ಸಾರ್ಥಕ: ‘ಸದಸ್ಯರು’ ಲೇಬಲ್‌ನಲ್ಲಿ ಎಷ್ಟು ವಿಳಾಸಗಳಿವೆ, ಹಾಜರಿ ವಹಿಯಲ್ಲಿ ಎಷ್ಟು ಹೆಸರುಗಳಿವೆ?